ಮಲಗಲೊಲ್ಲದ ಅವ್ವ

ಮೊದಲು ಕೇಳಿಸುತ್ತಿದ್ದದ್ದು ಬೂಟು. ಮಗನ ರಬ್ಬರ್ ಬೂಟು, ಅವ್ವನ ಕಾಲಿಗೆ ತೀರಾ ದೊಡ್ಡದು. ಹೀಗಾಗಿ ಒಂದು ಹೆಜ್ಜೆಗೆ ಎರಡು ಸದ್ದು: ಬೂಟು ನೆಲಕ್ಕೆ ತಾಗಿದ್ದೊಂದು, ಒಳಗೆ ಹಿಮ್ಮಡಿ ಬೂಟಿಗೆ ತಾಗಿದ್ದೊಂದು. ಥಪ್, ಪಚಕ್. ಥಪ್, ಪಚಕ್. ಅದರ ಹಿಂದೆಯೇ ಒಣಗಿದ ಎಲೆಗಳ ಮೇಲೆ ಉದ್ದ ಹಿಡಿಯ, ಹಲ್ಲುಹಲ್ಲಿನ ರೇಕು ಎಳೆಯುವ ಸದ್ದು. ನಾನು ಕಿಚನ್ ಸಿಂಕಿನ ಮುಂದೆ ನಿಂತವಳು ತಲೆ ಎತ್ತದೆಯೇ ತಿಳಿದುಕೊಳ್ಳುತ್ತಿದ್ದೆ, ನವೆಂಬರ್ ಬಂತು, ಅವ್ವ ಹೊರಗೆ ಬಿದ್ದರು ಅಂತ.

ಈಗ ನಾನಿರುವ ನ್ಯೂ ಜರ್ಸಿಯ ಪ್ಲೇನ್ಸ್‌ಬರೋದ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಎಲೆ ತೆಗೆಯಲು ಕಂಪನಿಯವರು ಬರುತ್ತಾರೆ. ಬೆನ್ನಿಗೆ ಮಷೀನು ಕಟ್ಟಿಕೊಂಡು ನಮ್ಮ ಎಲೆಗಳನ್ನೆಲ್ಲ ಪಕ್ಕದ ಬಿಲ್ಡಿಂಗಿನ ಕಡೆಗೆ ಊದಿ ಹೋಗುತ್ತಾರೆ. ಮಾರನೆಯ ದಿನ ಪಕ್ಕದ ಬಿಲ್ಡಿಂಗಿನವರ ಕಂಪನಿ ಬಂದು ವಾಪಸ್ ಊದುತ್ತದೆ. ಯಾರಿಗೂ ಯಾರ ಮೇಲೂ ಕಂಪ್ಲೇಂಟ್ ಇಲ್ಲ. ಈ ವಾರವೂ ಬಂದಿದ್ದರು. ಕಿಟಕಿ ಮುಚ್ಚಿ ಕೂತೆ, ಅವ್ವನ ನೆನಪಾಯಿತು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವಾಗ ರೂಟ್ ಟ್ವೆಂಟಿಸೆವೆನ್ ಹೆದ್ದಾರಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ ಮನೆ ತೆಗೆದುಕೊಂಡಿದ್ದೆವು. ನನ್ನ ಯಜಮಾನರು ಬೆಳಿಗ್ಗೆ ಟ್ರೇನ್ ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ನಮ್ಮ ಪಕ್ಕದ ಮನೆ ಧಾರವಾಡದ ಕಡೆಯವರದು. ಗಂಡ ಇಂಜಿನಿಯರ್, ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರ್, ಇಬ್ಬರೂ ಮನೆಯಲ್ಲಿ ಇರುತ್ತಿದ್ದದ್ದು ಕಡಿಮೆ. ಆ ಇಂಜಿನಿಯರರ ತಾಯಿಯೇ ಅವ್ವ. ಅವರ ಆಚೆಯ ಮನೆಯಲ್ಲಿ ಒಬ್ಬ ಇಟಾಲಿಯನ್ ಮುದುಕ, ವಿಧುರ. ಅವನ ಹಿತ್ತಲಲ್ಲಿ ಒಂದು ಅಂಜೂರದ ಗಿಡ ಇತ್ತು ಅಂತ ಅವ್ವ ಅವನಿಗೆ ಅಂಜೂರಪ್ಪ ಅಂತ ಹೆಸರಿಟ್ಟಿದ್ದರು. ಅವನು ಅವರನ್ನು ಮಮ್ಮಾ ಅನ್ನುತ್ತಿದ್ದ. ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಬಹಳ ಹೊತ್ತು ಮಾತಾಡುತ್ತಿದ್ದರು.

ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ಮಗನ ಹಳೆಯ ಓವರ್‌ಕೋಟು, ತಲೆಗೆ ಟವೆಲ್ಲು, ಹಣೆಗೆ ವಿಭೂತಿ, ಕಾಲಿಗೆ ಆ ಬೂಟು. ನಮ್ಮ ಬೀದಿಯ ಅಮೆರಿಕನ್ನರು ಕಾರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಅವ್ವ ಕೈ ಎತ್ತಿ ಆಶೀರ್ವಾದ ಮಾಡಿ ಕಳಿಸುತ್ತಿದ್ದರು.

ನನ್ನ ಹೆಸರನ್ನು ಅವರು ಒಂದು ಸಲವೂ ಕರೆದದ್ದು ನೆನಪಿಲ್ಲ. "ಏ ಮೈಸೂರಾಕಿ" ಅನ್ನೋರು. ನನ್ನ ಕನ್ನಡ ಕೇಳಿ ಮೊದಲ ದಿನವೇ ಹೇಳಿದ್ದರು, "ನಿನ್ನ ಕನ್ನಡ ಅರ್ಧಾ ಹಾದಿಗೆ ಬರೂತನಾ ಬರಿಗಾಲೀಲೆ ಬರತೈತಿ. ಆಮ್ಯಾಲ ಬೂಟ್ ಹಾಕ್ಕೊಂತೈತಿ." ಅದರಲ್ಲಿ ತಪ್ಪೇನಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ, ಎಲೊಕ್ಯೂಷನ್, ಫೋರ್ಕು ಯಾವ ಕೈಯಲ್ಲಿ ಹಿಡಿಯಬೇಕು ಅನ್ನುವುದು, ಇಷ್ಟು ಕಲಿಸಿದ್ದರು. ಮಣ್ಣಿನ ಬಗ್ಗೆ, ಮುಟ್ಟಿದರೆ ಕೈ ತೊಳೆಯಬೇಕು ಅಂತ ಕಲಿಸಿದ್ದರು.

ಅವ್ವ ಬಂದದ್ದು ಒಂದು ಅಕ್ಟೋಬರಿನಲ್ಲಿ. ಬಂದ ವಾರವೇ ಮಗ ಅವರನ್ನು ಫಾಲ್ ಕಲರ್ಸ್, ಅಂದರೆ ಉದುರುವ ಮುಂಚೆ ಎಲೆಗಳಿಗೆ ಬರುವ ಬಣ್ಣ, ತೋರಿಸಲು ಕರೆದುಕೊಂಡು ಹೋಗಿದ್ದರು. ಕೆಂಪು, ಹಳದಿ ಬೆಟ್ಟಗಳ ಮುಂದೆ ಜನ ಸಾಲಾಗಿ ಕಾರು ನಿಲ್ಲಿಸಿದ್ದರಂತೆ. ವಾಪಸ್ ಬಂದ ಮೇಲೆ ಹೇಗಿತ್ತು ಅವ್ವಾ ಅಂತ ಕೇಳಿದೆ.

"ಏನ್ ಹೇಳ್ಲಿ ತಂಗಿ. ಗಿಡಕ್ಕ ರೋಗ ಬಂದೈತಿ, ಇವ್ರು ಫೋಟೋ ತಗ್ಯಾಕತ್ಯಾರ."

ಎಲೆಯೆಲ್ಲ ಉದುರಿದ ಮೇಲೆ ಇದು ರೋಗವಲ್ಲ, ಪ್ರತಿವರ್ಷದ ಕಥೆ ಅಂತ ಅವರಿಗೆ ಖಾತ್ರಿಯಾಯಿತು. ಆಮೇಲೆ ಚಳಿಗಾಲವನ್ನು ಅವರು ಬರಲಿರುವ ಬೀಗರ ಹಾಗೆ ನೋಡಿದರು. ಬೇಡ ಅನ್ನುವಂತಿಲ್ಲ, ಬಹಳ ದಿನ ಕೂರುತ್ತಾರೆ, ಅವರು ಬರುವುದರೊಳಗೆ ಮನೆ ಸರಿಮಾಡಿಕೊಳ್ಳಬೇಕು.

ಊರಿನವರು ಎಲೆಗಳನ್ನು ರಸ್ತೆ ಅಂಚಿಗೆ ರಾಶಿ ಹಾಕಿದರೆ ಟೌನಿನ ಲಾರಿ ಬಂದು ಎತ್ತಿಕೊಂಡು ಹೋಗುತ್ತಿತ್ತು. ಅವ್ವನಿಗೆ ಇದು ಹಾಡಹಗಲಿನ ಕಳ್ಳತನದಂತೆ ಕಂಡಿತು. ಹಳೆಯ ಬೆಡ್‌ಶೀಟ್ ಹಾಸಿ ನಮ್ಮ ಎಲೆ, ಎದುರು ಮನೆಯವರ ಎಲೆ, ಮೂಲೆ ಮನೆಯವರ ಎಲೆ ಎಲ್ಲ ಎಳೆದು ತಂದು ತಮ್ಮ ಹಿತ್ತಲಿಗೆ ಸುರಿದರು. ಲಾರಿಯ ಡ್ರೈವರು ಇವರನ್ನು ಟೌನಿನವರೇ ನೇಮಿಸಿದ್ದಾರೆ ಅಂದುಕೊಂಡು ಸಲ್ಯೂಟ್ ಹೊಡೆದು ಮುಂದೆ ಹೋಗುತ್ತಿದ್ದ.

ಡೇಲಿಯಾ ಗಡ್ಡೆಗಳದ್ದು ಬೇರೆಯೇ ಕಥೆ. ಇಬ್ಬನಿ ಹೆಪ್ಪುಗಟ್ಟುವ ಮೊದಲ ಫ್ರಾಸ್ಟ್ ಬಿದ್ದು ಗಿಡ ಕಪ್ಪಾದ ಮೇಲೆ ದಂಟು ಕತ್ತರಿಸಿ, ಗಡ್ಡೆ ಅಗೆದು, ಪೋರ್ಚಿನಲ್ಲಿ ಒಣಗಿಸಿ, ಬೇಸ್‌ಮೆಂಟಿನಲ್ಲಿ ಗಾಳಿಯಾಡುವ ಹಾಗೆ ಇಡಬೇಕು. ಅವ್ವ ನನ್ನ ಬಾಗಿಲಿಗೆ ಬಂದು, "ನಿನ್ನ ಕಾಲಚೀಲ ಹರದಾವೇನು?" ಅಂದರು. ನಾನಾಗ ಲೈಬ್ರರಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ನೈಲಾನ್ ಸ್ಟಾಕಿಂಗ್ಸ್ ಹಾಕುತ್ತಿದ್ದೆ, ಹರಿಯುವುದಕ್ಕೆ ಬರವಿರಲಿಲ್ಲ. ಅವನ್ನೆಲ್ಲ ತೆಗೆದುಕೊಂಡು ಹೋಗಿ, ಗಡ್ಡೆ ತುಂಬಿ, ಬೇಸ್‌ಮೆಂಟಿನ ಪೈಪಿಗೆ ಸಾಲಾಗಿ ನೇತುಹಾಕಿದರು. ಆ ಚಳಿಗಾಲ ಗ್ಯಾಸ್ ಮೀಟರ್ ನೋಡಲು ಇಳಿದ ಮನುಷ್ಯ ಬೇಗನೇ ಮೇಲೆ ಬಂದನಂತೆ. ಬೇಸ್‌ಮೆಂಟಿನಲ್ಲಿ ಕಾಲುಗಳಿವೆ ಅಂತ ಅವ್ವನ ಸೊಸೆಗೆ ಹೇಳಿದನಂತೆ. ಆಕೆ ಡ್ಯೂಟಿ ಮುಗಿಸಿ ಬಂದವಳು, ಹೌದು, ಏಪ್ರಿಲ್‌ನಲ್ಲಿ ನೆಡುತ್ತೇವೆ ಅಂದಳಂತೆ.

ಹಣ್ಣಾಗದೆ ಉಳಿದ ಟೊಮ್ಯಾಟೊ ಕಾಯಿಗಳು ನ್ಯೂಸ್‌ಪೇಪರ್ ಸುತ್ತಿಸಿಕೊಂಡು ಮಗನ ಮಂಚದ ಕೆಳಗೆ ಹೋದವು. ಬೆಳ್ಳುಳ್ಳಿ ಎಸಳುಗಳು ನೆಲದೊಳಗೆ ಹೋದವು. ಗುಲಾಬಿಯ ಬುಡಕ್ಕೆ ಚಳಿ ಕಾಯಿಸುವ ಒಲೆಯ ಬೂದಿ, ಅದರ ಮೇಲೆ ಮಣ್ಣಿನ ಗುಪ್ಪೆ, ಅದರ ಮೇಲೆ ಕದ್ದ ಎಲೆ. ಸನಿಕೆ ಗುದ್ದಲಿಗಳಿಗೆ ಎಣ್ಣೆ. ಎಲ್ಲ ಮುಗಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇನ್ನ ಬರಲಿ" ಅನ್ನುತ್ತಿದ್ದರು. ಒಂದೊಂದು ವರ್ಷ ಅದು ಆ ಸಂಜೆಯೇ ಬರುತ್ತಿತ್ತು.

ಆ ಮೊದಲ ವರ್ಷವೇ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂದಾಗ, ಅಂಜೂರಪ್ಪ ತನ್ನ ಗಿಡ ಹೂಳಿದ. ನ್ಯೂ ಜರ್ಸಿಯ ಚಳಿಗೆ ಅಂಜೂರ ಬದುಕುವುದಿಲ್ಲ. ಅದಕ್ಕೆ ಇಟಾಲಿಯನ್ನರು ಅದನ್ನು ಚಳಿಗಾಲ ಪೂರ್ತಿ ಮಣ್ಣಿನೊಳಗೆ ಮಲಗಿಸಿ, ವಸಂತದಲ್ಲಿ ಎಬ್ಬಿಸುತ್ತಾರೆ. ಕೊಂಬೆಗಳನ್ನೆಲ್ಲ ಬಟ್ಟೆ ಒಣಗಿಸುವ ಹಗ್ಗದಿಂದ ಬಿಗಿದು ಕಟ್ಟಿದ. ಒಂದು ಕಡೆಯ ಬೇರುಗಳನ್ನು ಸನಿಕೆಯಿಂದ ಕಡಿದ. ಇನ್ನೊಂದು ಕಡೆ ಗಿಡದುದ್ದಕ್ಕೂ ಗುಂಡಿ ತೋಡಿದ. ಆಮೇಲೆ ಹೆಗಲು ಕೊಟ್ಟು, ಏನೋ ಗುನುಗುತ್ತಾ, ಗಿಡವನ್ನು ನಿಧಾನಕ್ಕೆ ಬಗ್ಗಿಸಿ ಗುಂಡಿಗೆ ಮಲಗಿಸಿದ. ಮೇಲೆ ಎಲೆ, ಹಳೆಯ ಕಾರ್ಪೆಟ್ಟು, ಲಿನೋಲಿಯಂ ನೆಲಹಾಸು, ಎಲ್ಲದರ ಮೇಲೆ ಯಾವುದೋ ಕೋಣೆಯ ಒಂದು ಇಡೀ ಬಾಗಿಲು, ಹಿಡಿಕೆ ಸಮೇತ. ಕೊನೆಗೆ ಮಣ್ಣು.

ಅವ್ವ ಮತ್ತು ನಾನು ಬೇಲಿಯ ಈಚೆ ನಿಂತು ನೋಡಿದೆವು. ಅವ್ವ ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು.

"ಮೈಸೂರಾಕಿ, ಇಲ್ಲೆ ಮಂದೀನ್ನೂ ಹಿಂಗ ಮಲಗಸ್ತಾರೇನು?"

"ಹೌದು ಅವ್ವಾ. ಪೆಟ್ಟಿಗೆಯಲ್ಲಿ. ಕ್ಯಾಸ್ಕೆಟ್ ಅಂತಾರೆ. ಒಳಗೆ ಸ್ಯಾಟಿನ್ ಬಟ್ಟೆ, ದಿಂಬು ಎಲ್ಲ ಇರತ್ತೆ."

"ದಿಂಬು ಯಾಕ?"

ನಾನು ಬೇಲಿಗೆ ಸಿಕ್ಕಿಕೊಂಡಿದ್ದ ಎಲೆಯೊಂದನ್ನು ಬಿಡಿಸಿದೆ.

"ನಮ್ಮ ದೇಶದಾವ್ರು ಹೋದ್ರ?"

ಅದರ ಹಿಂದಿನ ವರ್ಷ ನಮಗೆಲ್ಲ ಪರಿಚಯದ ಒಬ್ಬರ ತಂದೆ ಜರ್ಸಿ ಸಿಟಿಯಲ್ಲಿ ತೀರಿಕೊಂಡಿದ್ದರು. ಕ್ರಿಮೆಟೋರಿಯಂಗೆ ಕೊಟ್ಟು, ಬೂದಿಯ ಡಬ್ಬಿ ತೆಗೆದುಕೊಂಡು, ಲಂಚ್ ಹೊತ್ತಿಗೆ ಎಲ್ಲರೂ ಮನೆಗೆ ಬಂದಿದ್ದರು. ಅದನ್ನು ಹೇಳಿದೆ.

"ನನ್ನ ಮಗಾನೂ ಹೇಳಿದ್ದ," ಅಂದರು ಅವ್ವ. "ಭಾಳ ಕ್ಲೀನ್ ಇತ್ತವಾ ಅಂದ."

ಆಮೇಲೆ ಹೇಳಿದರು. ಅವರು ಲಿಂಗವಂತರು. ಅವರಲ್ಲಿ ಸುಡುವುದಿಲ್ಲ, ಮಲಗಿಸುವುದೂ ಇಲ್ಲ, ಕೂರಿಸಿ ಹೂಳುತ್ತಾರೆ. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ, ಎಡ ಅಂಗೈಯಲ್ಲಿ ಇಷ್ಟಲಿಂಗ. ಬದುಕಿದ್ದಾಗ ಪೂಜೆಗೆ ಹೇಗೆ ಕೂರುತ್ತಿದ್ದರೋ ಹಾಗೆ. ಪೆಟ್ಟಿಗೆ ಗಿಟ್ಟಿಗೆ ಇಲ್ಲ, ಮೈಗೆ ಮಣ್ಣೇ ತಾಗಬೇಕು. ಅವರ ತಂದೆ ತಾಯಿ ಹಾಗೇ ಹೋದರು, ಗಂಡನೂ ಹಾಗೇ. ನನಗೆ ಇದು ಗೊತ್ತಿರಲಿಲ್ಲ. ಕರ್ನಾಟಕದಲ್ಲೇ ಹುಟ್ಟಿ, ಒಂದು ನವೆಂಬರ್ ಮಧ್ಯಾಹ್ನ ನ್ಯೂ ಜರ್ಸಿಯಲ್ಲಿ ತಿಳಿದುಕೊಂಡೆ.

"ಹಾಗಾದರೆ ಊರಿಗೆ ಹೋಗಿಬಿಡಿ ಅವ್ವಾ, ಕೊನೆಗಾಲಕ್ಕೆ," ಅಂದೆ. ಸಲಹೆ ಕೊಡುವುದನ್ನೂ ಸಿಸ್ಟರ್‌ಗಳು ಕಲಿಸಿದ್ದರು.

"ಅಲ್ಲೆ ಯಾರದಾರ? ಇಂವ ಒಬ್ಬನ ಮಗ. ಮಗನ ಕೈಯಾಗಿನ ಮಣ್ಣು ಬೀಳಬೇಕಲ್ಲ. ಮಗ ಇಲ್ಲೆ, ಮಣ್ಣು ಅಲ್ಲೆ ಅಂದ್ರ ಹೆಂಗ ಆಗತೈತಿ?"

"ಅವರಿಗೆ ಹೇಳಿದಿರಾ?"

"ಹೇಳಿದ್ನಿ. ಅವ್ವಾ ಈಗ್ಯಾಕ ಆ ಮಾತು ಅಂದ. ಟಿವಿ ದೊಡ್ಡದು ಮಾಡಿದ. ಅದರಾಗ ಏನ್ ನೋಡ್ತಾನ ಅಂದ್ರ ಫುಟ್ಬಾಲು. ಅವಂಗ ಫುಟ್ಬಾಲ್ ತಿಳಿಯಂಗಿಲ್ಲ."

ಅವ್ವ ಎದ್ದು ಬೆಳ್ಳುಳ್ಳಿ ಮಡಿಗೆ ಎಲೆ ಹೊದಿಸಲು ಹೋದರು. ಆದರೆ ಅವತ್ತಿನಿಂದ ಅಂಜೂರದ ಗಿಡದ ಜೊತೆ ಅವರಿಗೆ ಒಂದು ಬಗೆಯ ವೈಮನಸ್ಯ ಶುರುವಾಯಿತು ಅನ್ನಬೇಕು.

ಮುಂದಿನ ಬೇಸಿಗೆಯಲ್ಲಿ ಅಂಜೂರಪ್ಪ ತನ್ನ ಗಿಡದ ಒಂದು ಮರಿ ಕೊಟ್ಟ. ಅವ್ವ ಚೆನ್ನಾಗಿ ಬೆಳೆಸಿದರು, ಎದೆಯೆತ್ತರ ಬಂತು. ನವೆಂಬರ್ ಬಂದಾಗ ಅಂಜೂರಪ್ಪ ಹಗ್ಗ ಹಿಡಿದು ಬಂದು, ಅಂಗೈ ಕೆನ್ನೆಗೆ ಒತ್ತಿ, ಮಲಗಿಸೋಣ ಅಂತ ತೋರಿಸಿದ. ಅವ್ವ ಬೇಡ ಅಂತ ತಲೆಯಾಡಿಸಿದರು. ಗಿಡವನ್ನು ಬೇರು ಸಮೇತ ಎತ್ತಿ, ಆಳವಾದ ಗುಂಡಿ ತೋಡಿ, ಅದರೊಳಗೆ ನೆಟ್ಟಗೆ ಇಟ್ಟು, ಸುತ್ತಲೂ ಬೂದಿ ತುಂಬಿ, ತುದಿ ಕೂಡ ಕಾಣದ ಹಾಗೆ ಮಣ್ಣು ಮುಚ್ಚಿದರು. ಮೇಲೆ ನೀರು ಹೊಯ್ದರು. ಊದುಬತ್ತಿಯನ್ನೂ ಹಚ್ಚಿದರು. ಅಂಜೂರಪ್ಪ ಟೋಪಿ ತೆಗೆದು ನಿಂತಿದ್ದ. ಅವನಿಗೆ ಆಗಲೇ ಗೊತ್ತಾಗಿತ್ತು ಅಂತ ಕಾಣುತ್ತದೆ.

ಏಪ್ರಿಲಿನಲ್ಲಿ ಅಗೆದರು. ಒಂದು ಕಪ್ಪು ಕೋಲು ಬಂತು. ಹಿಸುಕಿದರೆ ನೀರು. ಆಚೆ ಅಂಜೂರಪ್ಪನ ಗಿಡ ಬಾಗಿಲು ಸರಿಸಿ ಎದ್ದು ಕೂತು, ಮೊಗ್ಗು ಬಿಡುತ್ತಿತ್ತು. ಅವ್ವ ಎರಡನ್ನೂ ನೋಡಿದರು.

"ಹೋತು," ಅಂದರು. ಕೋಲನ್ನು ಎಲೆ ರಾಶಿಗೆ ಎಸೆದು, "ಗಿಡಕ್ಕ ಮಲಗೂದ ಸೇರತೈತಿ. ಇರ್ಲಿ, ಅದು ಏಳಬೇಕಲ್ಲ ಮತ್ತ. ನಾ ಏನ್ ಏಳಾಕಿ ಅಲ್ಲ."

ಆ ವರ್ಷದಿಂದ ಅಂಜೂರಪ್ಪ ಗಿಡ ಬಗ್ಗಿಸುವಾಗ ಹಗ್ಗದ ಇನ್ನೊಂದು ತುದಿ ಹಿಡಿಯುವವರು ಅವ್ವನೇ.

ಮೂರನೆಯ ವರ್ಷದ ನವೆಂಬರಿನಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಬಂತು. ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಅವ್ವ ಬಂದು ನನ್ನ ಕಾರಿನಲ್ಲಿ ಕೂತರು. ಬೂಟಿನ ಮಣ್ಣು ಒರೆಸಿಕೊಂಡಿದ್ದರು. ಅದನ್ನು ನೋಡಿಯೇ ಇದು ಗೊಬ್ಬರದ ಅಂಗಡಿಗಲ್ಲ ಅಂತ ನನಗೆ ಅನ್ನಿಸಿತು.

"ಎಲ್ಲಿಗೆ ಅವ್ವಾ?"

"ಆ ಕಲ್ಲು ನಟ್ಟಾರಲ್ಲ, ರೈಲ್ವೆ ಸ್ಟೇಷನ್ ದಾಟಿದ ಮ್ಯಾಲ. ಅಲ್ಲಿ ಆಫೀಸ್ ಐತಿ. ನೀ ಕಾನ್ವೆಂಟ್ ಓದಿದಾಕಿ, ಇಂಗ್ಲಿಷ್‌ನ್ಯಾಗ ಛಂದಾಗಿ ಕೇಳು."

ಸಿಮೆಟ್ರಿಯ, ಅಂದರೆ ಅಲ್ಲಿಯ ಸ್ಮಶಾನದ, ಆಫೀಸಿನಲ್ಲಿ ಕಂದು ಕಾರ್ಡಿಗನ್ ಸ್ವೆಟರ್ ಹಾಕಿದ ಒಬ್ಬ ಸಣಕಲು ಮನುಷ್ಯ ಇದ್ದ. ನನ್ನ ಎಲೊಕ್ಯೂಷನ್ ಕ್ಲಾಸಿನ ಇಂಗ್ಲಿಷಿನಲ್ಲಿ, ವ್ಯಕ್ತಿಯೊಬ್ಬರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡಲು ತಮ್ಮಲ್ಲಿ ಅವಕಾಶವಿದೆಯೇ ಎಂದು ಕೇಳಿದೆ. ಸಿಸ್ಟರ್‌ಗಳು ಕೇಳಿದ್ದರೆ ಉಚ್ಚಾರಣೆಗೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಅವನು ಪೆನ್ನು ಕೆಳಗಿಟ್ಟ. "ಕುರ್ಚಿಯ ಮೇಲೋ?"

"ಅಲ್ಲ, ನೆಲದ ಮೇಲೆ."

"ಯಾರನ್ನು?"

ನಾನು ಅವ್ವನ ಕಡೆ ನೋಡಿದೆ. ಅವ್ವ ಫೋಟೋಗೆ ನಿಂತವರ ಹಾಗೆ ಸೆರಗು ಸರಿಮಾಡಿಕೊಂಡರು.

"ಐ ಸೀ," ಅಂದ. "ಯಾವಾಗ?"

ಕನ್ನಡಕ್ಕೆ ತಿರುಗಿಸಿದೆ. ಅವ್ವ, "ಅವಸರ ಏನಿಲ್ಲ ಅಂತ ಹೇಳು. ಇನ್ನೂ ಗಡ್ಡಿ ಅಗಿಯೂದೈತಿ" ಅಂದರು. ಮೊದಲ ಅರ್ಧ ಮಾತ್ರ ಇಂಗ್ಲಿಷಿಗೆ ತಿರುಗಿಸಿದೆ.

ಹೇಗೆ ಕೂರುವುದು ಅಂತ ಅವನಿಗೆ ಅಂದಾಜಾಗಲಿಲ್ಲ. ಅವ್ವ ಬೂಟು ಕಳಚಿ ಆಫೀಸಿನ ಕಾರ್ಪೆಟ್ಟಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಎದೆಯ ಹತ್ತಿರ ತಂದು, ಕಣ್ಣು ಮುಚ್ಚಿದರು. ಹೊರಗೆ ಟ್ರೇನ್ ಹೋಯಿತು. ಅವನು ಡ್ರಾಯರಿನಿಂದ ಅಳತೆಯ ಟೇಪ್ ತೆಗೆದು, ಮೇ ಐ ಅಂತ ನನ್ನನ್ನು ಕೇಳಿದ. ಅವ್ವನನ್ನು ಕೇಳಿದೆ. "ಅಳೀಲಿ" ಅಂದರು ಕಣ್ಣು ತೆರೆಯದೆ. ಅವನು ಮೊಣಕಾಲೂರಿ ಮಂಡಿಯಿಂದ ಮಂಡಿಗೆ, ನೆಲದಿಂದ ನೆತ್ತಿಗೆ ಅಳೆದ. ನಮ್ಮೂರಿನ ಟೈಲರುಗಳು ಅಷ್ಟು ಮರ್ಯಾದೆಯಿಂದ ಅಳತೆ ತೆಗೆದದ್ದು ನಾನು ನೋಡಿಲ್ಲ.

ಧರ್ಮದ ಬಗ್ಗೆ ಸಿಮೆಟ್ರಿಯವರದೇನೂ ಆಕ್ಷೇಪಣೆ ಇರಲಿಲ್ಲ. ಆಕ್ಷೇಪಣೆ ಇದ್ದದ್ದು ಹುಲ್ಲು ಕತ್ತರಿಸುವ ಲಾನ್ ಮೋವರ್‌ದು. ಪೆಟ್ಟಿಗೆ ಇಲ್ಲದೆ, ಅದರ ಸುತ್ತ ಕಾಂಕ್ರೀಟ್ ಇಲ್ಲದೆ ಹೂಳಿದರೆ ನೆಲ ಕ್ರಮೇಣ ಕುಸಿಯುತ್ತದೆ, ಮೋವರ್ ಓಡಿಸುವವನು ಬೀಳುತ್ತಾನೆ. ಟ್ರಸ್ಟಿಗಳನ್ನು ಕೇಳಬೇಕು ಅಂದ. ಇನ್ನೊಂದು ವಿಷಯ. ಹೀಗೆ ಕಿರಿದಾಗಿ ಆಳಕ್ಕೆ ತೋಡುವುದು ಜನವರಿ, ಫೆಬ್ರವರಿಯಲ್ಲಿ ಕಷ್ಟ, ನೆಲ ಕಲ್ಲಾಗಿರುತ್ತದೆ. ಆಗ ಬಂದವರನ್ನು ಮಂಜು ಕರಗುವ ತನಕ ಕೋಲ್ಡ್ ರೂಮಿನಲ್ಲಿ ಇಟ್ಟಿರಬೇಕಾದೀತು.

ಅದನ್ನೂ ಹೇಳಿದೆ.

"ಫ್ರಿಜ್‌ನ್ಯಾಗ?" ಅಂದರು ಅವ್ವ. "ನಾ ಏನ್ ಹಾಲೇನವಾ?"

ಅವನು ಏನಂದರು ಅಂತ ಕೇಳಿದ. ಚಳಿಗಾಲವನ್ನು ತಪ್ಪಿಸಲು ಪ್ರಯತ್ನಿಸುತ್ತಾರಂತೆ ಅಂದೆ. ಅದು ಎಲ್ಲರಿಗೂ ಅನುಕೂಲ ಅಂದ.

ಟ್ರಸ್ಟಿಗಳ ಉತ್ತರ ಫೋನಿನಲ್ಲಿ ಬಂತು. ಶನಿವಾರ ಬಂತು, ಹೀಗಾಗಿ ಎತ್ತಿಕೊಂಡದ್ದು ಮಗ. ಸ್ವಲ್ಪ ಹೊತ್ತಿಗೆ ಆತ ನಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ರೇಕು. ಎಲ್ಲೋ ಇಟ್ಟು ಬರುವುದನ್ನು ಮರೆತಿರಬೇಕು.

"ನೀವು ನಮ್ಮವ್ವನ್ನ ಸಿಮೆಟ್ರಿಗೆ ಕರಕೊಂಡ್ ಹೋಗಿದ್ರಿ ಅಂತ."

"ಅವರು ಕರೆದುಕೊಂಡು ಹೋದರು. ನಾನು ಡ್ರೈವ್ ಮಾಡಿದೆ."

"ನನಗ ಒಂದ್ ಮಾತು ಹೇಳಬಹುದಿತ್ತು."

"ನಿಮಗೆ ಹೇಳಿದ್ದಾರಂತೆ. ನೀವು ಟಿವಿ ವಾಲ್ಯೂಮ್ ಜಾಸ್ತಿ ಮಾಡಿದಿರಂತೆ."

ಆತ ರೇಕಿನ ಹಲ್ಲುಗಳನ್ನು ನೋಡುತ್ತಾ ನಿಂತರು. ಇಂಜಿನಿಯರ್ ಮನುಷ್ಯ, ದೊಡ್ಡ ದೊಡ್ಡ ಸೇತುವೆಗಳ ಲೆಕ್ಕ ಹಾಕುತ್ತಿದ್ದವರು, ದನಿ ಸಣ್ಣ ಮಾಡಿ ಕೇಳಿದರು: "ಬೇಲಿ ಪಕ್ಕ ಮೂಲಿ ಜಾಗಾ ಕೊಡ್ತಾರಂತ. ಅಲ್ಲೆ ಮೋವರ್ ಹೋಗಂಗಿಲ್ಲಂತ. ಪೆಟಗಿ ಬ್ಯಾಡಂತ. ಎಲ್ಲಾ ಒಪ್ಪ್ಯಾರ. ಅವ ಅಳತಿ ಸರಿ ತಗೊಂಡಾನೇನ್ರಿ? ಮೊಣಕಾಲು ಅಗಲ ಬರತಾವ, ಹಿಂಗ." ನಮ್ಮ ಮೆಟ್ಟಿಲ ಮೇಲೆ ಕೂತು ತೋರಿಸಿದರು.

"ಸರಿಯಾಗಿ ತಗೊಂಡ," ಅಂದೆ.

"ನನಗ ಆ ಮಾತು ಆಡಿದ್ರ ಆಕಿ ಹೋಗಿಬಿಡ್ತಾಳ ಅನಸ್ತಿತ್ತು," ಅಂದರು. ಆಮೇಲೆ ರೇಕು ಹಿಡಿದುಕೊಂಡು ಹೋದರು.

ಅವತ್ತು ಸಂಜೆ ತಾಯಿ ಮಗ ಹೋಸ್ ಪೈಪಿನ ನೀರು ಬಸಿಯುತ್ತಿದ್ದರು. ಒಳಗೆ ನೀರುಳಿದರೆ ಚಳಿಗೆ ಹೆಪ್ಪುಗಟ್ಟಿ ಪೈಪು ಸೀಳುತ್ತದೆ, ಅದಕ್ಕೆ ಒಬ್ಬರು ಒಂದು ತುದಿ ಎತ್ತಿ ಹಿಡಿದು ನಡೆಯುತ್ತಾ ಬಂದರೆ ಇನ್ನೊಂದು ತುದಿಯಿಂದ ನೀರು ಹೋಗುತ್ತದೆ. ವರ್ಷಕ್ಕೆ ಮಗ ಮಾಡುತ್ತಿದ್ದ ಒಂದೇ ತೋಟದ ಕೆಲಸ ಅದು. ನಾನು ನಮ್ಮ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಬಟ್ಟೆ ಕಡಿಮೆ ಇತ್ತು, ನಿಧಾನಕ್ಕೆ ತೆಗೆದೆ.

"ಮಣ್ಣು ಎಂಥಾದ್ದು ಅಲ್ಲೆ?" ಇದು ಅವ್ವ.

"ಕೆಂಪು."

"ಮಸಾರಿ. ಹಂಗಾರ ನೀರು ನಿಂದ್ರಂಗಿಲ್ಲ. ಛಲೋ ಆತು."

"ಹೂಂ."

"ನಿನ್ನ ಕೈಲೆ ಮಣ್ಣು ಹಾಕ್ತೀಯಲ್ಲ?"

ಪೈಪಿನ ನೀರು ಮಗನ ಆಫೀಸ್ ಶೂ ಮೇಲೆ ಬೀಳುತ್ತಿತ್ತು.

"ಹಾಕ್ತೀನಿ."

"ಆ ತುದಿ ಕೆಳಗ ಹಿಡಿ. ಎಲ್ಲಾ ನಿನ್ನ ಮ್ಯಾಲ ಬೀಳಾಕತ್ತೈತಿ."

ಅವ್ವ ಆಮೇಲೆ ಎಷ್ಟೋ ಚಳಿಗಾಲ ಬದುಕಿದರು. ಆದರೆ ಅವರ ನವೆಂಬರಿನ ಕೆಲಸಗಳಿಗೆ ಒಂದು ಸೇರಿಕೊಂಡಿತ್ತು. ಗಡ್ಡೆ ತೆಗೆದು, ಗುಲಾಬಿ ಮುಚ್ಚಿ, ಹಗ್ಗ ಹಿಡಿದು ಅಂಜೂರ ಮಲಗಿಸಿ ಆದ ಮೇಲೆ ಸೊಸೆಯ ಆಸ್ಪತ್ರೆಗೆ ಹೋಗಿ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದರು. ಬೇಲಿಯ ಹತ್ತಿರ ಬಂದು ತೋಳು ಉಜ್ಜಿಕೊಳ್ಳುತ್ತಾ, "ಆತವಾ. ಏಪ್ರಿಲ್ ತನಕ ಹೋಗೂದು ಬಂದ್" ಅನ್ನುತ್ತಿದ್ದರು. ಡಿಸೆಂಬರಿನಲ್ಲಿ ಮೆಟ್ಟಿಲಿನ ಐಸ್ ಮೇಲೆ ಯಾರಾದರೂ ಅವರ ಕೈ ಹಿಡಿಯಲು ಬಂದರೆ ಬೇಡ ಅನ್ನುತ್ತಿರಲಿಲ್ಲ. ಏಪ್ರಿಲ್ ಬಂದ ಮೇಲೆ ಕೊಡವಿಕೊಳ್ಳುತ್ತಿದ್ದರು. ಮೊದಲ ವರ್ಷಗಳಲ್ಲಿ ಅವರ ಮುಖದಲ್ಲಿ ಒಂದು ಲೆಕ್ಕಾಚಾರ ಇತ್ತು, ಪೋಸ್ಟ್‌ಮನ್ ಬಂದರೂ ಏನು ಸುದ್ದಿಯೋ ಅನ್ನುವ ಹಾಗೆ. ಅದು ಹೋಗಿತ್ತು. ರಾತ್ರಿ ಒಳ್ಳೇ ನಿದ್ದೆ ಬರುತ್ತೆ ಅಂತ ನನಗೆ ಒಂದು ಸಲ ತಾವಾಗಿಯೇ ಹೇಳಿದರು. ಮಗ್ಗುಲಾಗಿ ಮಲಗಿದರೆ ಇನ್ನೂ ಒಳ್ಳೇದು ಅಂತ.

ಕೊಟ್ಟ ಮಾತಿಗೆ ಅವರು ತಪ್ಪಿದ್ದು ಒಂದೇ ಸಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ಜನವರಿ. ಎದೆಯಲ್ಲಿ ಕಫ, ಕೆಲವು ದಿನ ಸೊಸೆಯ ಆಸ್ಪತ್ರೆಯಲ್ಲಿ. ಒಂದು ಬೆಳಿಗ್ಗೆ ಮಗನ ಫೋನು ಬಂತು.

"ಅವ್ವ ಹೋದ್ಲು," ಅಂದರು. ಅದೇ ಉಸಿರಿನಲ್ಲಿ, "ನೆಲ ಗಟ್ಟಿ ಐತಿ."

ಕಾರ್ಡಿಗನ್ ಮನುಷ್ಯ ಇನ್ನೂ ಅದೇ ಆಫೀಸಿನಲ್ಲಿದ್ದ. ಮಂಜು ಕರಗುವ ತನಕ ಇಡಬಹುದು, ಬಹಳಷ್ಟು ಜನ ಹಾಗೇ ಮಾಡುತ್ತಾರೆ ಅಂದ. ಮಗ ಆಗುವುದಿಲ್ಲ ಅಂದರು. ವಾದ ಮಾಡಲಿಲ್ಲ, ಆಗುವುದಿಲ್ಲ ಅಂತ ಇನ್ನೊಂದು ಸಲ ಅಂದು ಕೂತಲ್ಲೇ ಕೂತರು. ಅವನು ಕಿಟಕಿಯಿಂದ ಹೊರಗೆ ನೋಡಿ, ರಸ್ತೆ ಒಡೆಯುವ ಮಷೀನು ಇರುವ ಯಾರಿಗೋ ಫೋನ್ ಮಾಡಿದ. ಬೇಲಿ ಪಕ್ಕದ ಆ ಮೂಲೆಯಲ್ಲಿ ಮೇಲಿನ ನೆಲವನ್ನು ಮಷೀನಿನಿಂದ ಒಡೆದರು. ಅದು ಹೆಂಚಿನ ಚೂರಿನ ಹಾಗೆ ಎದ್ದು ಬಂತು. ಕೆಳಗೆ ಮಷೀನು ಹೋಗುವಷ್ಟು ಜಾಗವಿಲ್ಲ. ಇಬ್ಬರು ಆಳುಗಳು ಸಣ್ಣ ಸನಿಕೆ ಹಿಡಿದು ಸರದಿಯ ಮೇಲೆ ಇಳಿದರು, ಮೂರನೆಯ ಸರದಿಗೆ ಮಗ. ಗಟ್ಟಿ ಪದರ ದಾಟಿದ ಮೇಲೆ ಮಣ್ಣು ಮೆತ್ತಗಿತ್ತು, ಕೆಂಪಗಿತ್ತು, ಆ ಚಳಿಯಲ್ಲಿ ಅದರಿಂದ ಹಬೆ ಏಳುತ್ತಿತ್ತು.

ಅವ್ವ ಅಂತ್ಯಕ್ರಿಯೆ ನಡೆಸಿಕೊಡುವ ಫ್ಯುನರಲ್ ಹೋಮಿನ ವ್ಯಾನಿನಲ್ಲಿ ಕೂತೇ ಬಂದರು. ಹಿಂದಿನ ಕಾರಿನಲ್ಲಿ ನಾನು, ನನ್ನ ಯಜಮಾನರು, ಅಂಜೂರಪ್ಪ. ಸಿಗ್ನಲ್ಲಿನಲ್ಲಿ ಪಕ್ಕದ ಲೇನಿನ ಯಾರೋ ವ್ಯಾನಿನ ಕಿಟಕಿ ನೋಡಿ ಕೈ ಬೀಸಿದರು. ಮಂತ್ರ ಹೇಳಲು ಜರ್ಸಿ ಸಿಟಿಯಿಂದ ಒಬ್ಬ ಜಂಗಮರ ಮನೆಯ ಹುಡುಗ ಬಂದಿದ್ದ, ಮ್ಯಾನ್‌ಹಟನ್‌ನಲ್ಲಿ ಬ್ಯಾಂಕ್ ಕೆಲಸ, ಓವರ್‌ಕೋಟಿನ ಒಳಗೆ ಟೈ. ಬಿಲ್ವಪತ್ರೆ ಸಿಗದೆ ಫ್ಲೋರಿಸ್ಟ್ ಹತ್ತಿರ ಇದ್ದ ಬಿಳಿ ಕಾರ್ನೇಷನ್ ಹೂ ತಂದಿದ್ದೆವು.

ಮಗ ಮೊದಲು ಒಳಗಿಳಿದು ನಿಂತರು. ಆಳುಗಳು ಅಗಲವಾದ ಪಟ್ಟಿ ಹಾಕಿ ಅವ್ವನನ್ನು ನಿಧಾನಕ್ಕೆ ಇಳಿಸಿದರು. ಅಳತೆ ಸರಿಯಾಗಿತ್ತು. ಮಗ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಸೆರಗನ್ನು ತಲೆಯ ಮೇಲೆ ಎಳೆದು, ಮೇಲಕ್ಕೆ ನೋಡಿದರು.

"ಒಂದು ಕಡೆಗೆ ಒರಗಿಬಿಡಬಹುದು," ಅಂದ ಕಾರ್ಡಿಗನ್ ಮನುಷ್ಯ ಮೆತ್ತಗೆ ನನ್ನ ಕಿವಿಯಲ್ಲಿ. "ಬದಿಗಳಿಗೆ ಮೊದಲು ತುಂಬಲು ಹೇಳಿ." ನಾನು ಕನ್ನಡದಲ್ಲಿ ಕೂಗಿ ಹೇಳಿದೆ.

ಮಗ ಸನಿಕೆ ಮುಟ್ಟಲಿಲ್ಲ. ಬೊಗಸೆಯಲ್ಲಿ ಮಣ್ಣು ತೆಗೆದು ಮಂಡಿಯ ಪಕ್ಕ, ಸೊಂಟದ ಪಕ್ಕ, ಬೆನ್ನ ಹಿಂದೆ ಒತ್ತಿ ಒತ್ತಿ ತುಂಬಿದರು. ಅದು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವರನ್ನು ಕೈಕೊಟ್ಟು ಮೇಲೆತ್ತಿದರು, ನಾವೆಲ್ಲ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದೆವು. ನನ್ನ ಸರದಿ ಬಂದಾಗ ಬಗ್ಗಿ ನೋಡಿದೆ. ಮೇಲಿನಿಂದ ಕಾಣುತ್ತಿದ್ದದ್ದು ಸೆರಗಿನ ಅಂಚು, ವಿಭೂತಿ ಬಳಿದ ಹಣೆಯ ಒಂದಿಷ್ಟು, ಎದೆಯ ಹತ್ತಿರ ಮಡಚಿದ ಕೈ. ಮಣ್ಣು ಭುಜದ ಮಟ್ಟಕ್ಕೆ ಬರುವವರೆಗೂ ನೋಡುತ್ತಿದ್ದೆ. ಅವ್ವ ಯಾವ ಕಡೆಗೂ ಒರಗಲಿಲ್ಲ.